ಪಟ್ಟೆ ಜಮಖಾನ ಬಣ್ಣ ಬಿಡದಂತೆ ತೊಳೆಯುವ ಬಗೆ

ತಾಳವಾಡಿ, ಸತ್ಯಮಂಗಲ ಕಡೆಯ ಮನೆಗಳಲ್ಲಿ ನೆಂಟರು ಬಂದಾಗ ಹಾಸುವ, ತಮಿಳುನಾಡಿನ ಭವಾನಿ ಊರಿನ ಜಮಖಾನಕ್ಕೆ 2005–06ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ರತ್ನಗಂಬಳಿಯ ಹಾಗೆ ಇದರ ಮೇಲೆ ಎದ್ದು ನಿಂತ ಎಳೆಗಳಿಲ್ಲ. ದಪ್ಪ ಹತ್ತಿಯ ಹೊಕ್ಕು (ಅಡ್ಡ ಎಳೆ) ಹಾಸನ್ನು (ಉದ್ದ ಎಳೆಯನ್ನು) ಮುಚ್ಚಿರುತ್ತದೆ. ಅದಕ್ಕೇ ಮಗುಚಿ ಹಾಸಿದರೂ ನಡೆಯುತ್ತದೆ.

ನೀರಿಗೆ ಹಾಕುವ ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಪ್ರತಿ ಪಟ್ಟೆಯ ಮೇಲೂ ಅರ್ಧ ನಿಮಿಷ ಒತ್ತಿ. ಕೆಂಪು, ಕಪ್ಪು ಪಟ್ಟೆಗಳನ್ನು ಬಿಡಲೇಬೇಡಿ. ಬಣ್ಣ ಹತ್ತಿದರೆ ನೆನೆಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಉಪ್ಪು ನೀರು ಬಣ್ಣ ಹಿಡಿದಿಡುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ.

ಬಣ್ಣ ಹತ್ತದಿದ್ದರೆ, ಧೂಳು ಕೊಡವಿ, 10 ಲೀಟರ್ ತಣ್ಣೀರಿಗೆ ಎರಡು ಚಮಚ ಸೌಮ್ಯ ಸೋಪಿನ ಪುಡಿ ಕದಡಿ, 10 ನಿಮಿಷ ಮಾತ್ರ ನೆನೆಸಿ. ಹೆಚ್ಚು ಹೊತ್ತಾದರೆ ಪಕ್ಕದ ತಿಳಿ ಪಟ್ಟೆಗೆ ಬಣ್ಣ ಹರಿಯುತ್ತದೆ. ಮೆದು ಬ್ರಷ್ಷನ್ನು ಪಟ್ಟೆಯ ಉದ್ದಕ್ಕೇ ಆಡಿಸಿ. ಅಡ್ಡ ಉಜ್ಜಿದರೆ ಹೊಕ್ಕು ಜರುಗಿ ಹಾಸು ಕಾಣತೊಡಗುತ್ತದೆ. ನೊರೆ ಹೋಗುವವರೆಗೂ ಜಾಲಿಸಿ. ಬ್ಲೀಚ್ ಬೇಡವೇ ಬೇಡ.

ಹಿಂಡಬೇಡಿ. ಇಳಿಜಾರು ಕಲ್ಲಿನ ಮೇಲೆ ಹರಡಿ ನೀರು ಬಸಿಯಲು ಬಿಟ್ಟು, ನೆರಳಲ್ಲಿ ಎರಡೂ ಬದಿ ಒಣಗಿಸಿ. ಒಂದೇ ಹಗ್ಗಕ್ಕೆ ಹಾಕಿದರೆ ನೀರಿನ ಭಾರಕ್ಕೆ ನಡು ಜಗ್ಗಿ, ಆಮೇಲೆ ನೆಲಕ್ಕೆ ಸಮನಾಗಿ ಕೂರುವುದಿಲ್ಲ. ಒಳಗೆ ತೇವ ಉಳಿದಿದ್ದರೆ ಬೂಷ್ಟು ಖಂಡಿತ.

ಎತ್ತಿಡುವಾಗ ಮಡಚದೆ ಸುತ್ತಿ. ಅಂಚಿನ ಎಳೆ ಬಿಚ್ಚಿದ್ದರೆ ಕತ್ತರಿಸದೆ, ಅದೇ ದಿನ ಹತ್ತಿ ದಾರದಲ್ಲಿ ಸುತ್ತುಹೊಲಿಗೆ ಹಾಕಿ.