ಡ್ರಾಯಿಂಗ್ ಇಲ್ಲದೆ ಮಾಡಿದ ಇಂಪೆಲ್ಲರ್

"ಡ್ರಾಯಿಂಗ್ ಇಲ್ಲದೆ ಇದು ಆಗೋ ಕೆಲಸವಲ್ಲ" ಅಂತ ಪುಣೆ ಪಕ್ಕದ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ಎಲ್ಲರೂ ಹೇಳಿದ್ದರು. ಭಾರತೀಯ ನೌಕಾಪಡೆಯ ರಜಪೂತ್ ವರ್ಗದ ಡಿಸ್ಟ್ರಾಯರ್ ಯುದ್ಧನೌಕೆಯ ಸಮುದ್ರನೀರಿನ ಪಂಪಿಗೆ ಇಂಪೆಲ್ಲರ್ (ನೀರು ತಳ್ಳುವ ತಿರುಗುವ ಚಕ್ರ), ವೇರ್ ರಿಂಗ್ (ಅದರ ಸುತ್ತ ಕೂರುವ, ಸವೆದರೆ ಬದಲಿಸುವ ಬಳೆ) ಎರಡೂ ಈಗ ನಮ್ಮ ಶಾಪಿನಲ್ಲೇ ಆಗುತ್ತಿವೆ.

ಈ ವರ್ಗದ ಐದೂ ಹಡಗುಗಳನ್ನು ಕಟ್ಟಿದ್ದು ನಿಕೊಲಾಯೆವ್‌ನಲ್ಲಿ. ಮೊದಲನೆಯದು 1980ರಲ್ಲಿ ನೌಕಾಪಡೆಗೆ ಸೇರಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಆ ಊರು ಉಕ್ರೇನಿನ ಪಾಲಾದ ಮೇಲೆ ಬಿಡಿಭಾಗಗಳ ದಾರಿ ಹರಿದು ಹಂಚಿಹೋಯಿತು. ನಮ್ಮ ಕೈಗೆ ಬರುವುದು ಸವೆದ ನಮೂನೆ ಮಾತ್ರ.

ಮೊದಲ ತಪ್ಪು ಅಲ್ಲೇ. ನಮೂನೆಯನ್ನು ಅಳೆದು ಹಾಗೇ ಮಾಡಿದೆವು, ಅಂದರೆ ಸವಕಳಿಯನ್ನೂ ನಕಲು ಮಾಡಿದೆವು. ರಿಂಗಿನ ಗ್ಯಾಪ್ 1 ಮಿ.ಮೀ. ದಾಟಿತ್ತು, ಪಂಪು ನೀರು ಎತ್ತಲಿಲ್ಲ. 140 ಮಿ.ಮೀ. ಆಸುಪಾಸಿನ ರಿಂಗಿಗೆ ವ್ಯಾಸದ ಮೇಲೆ 0.4 ಮಿ.ಮೀ. ಗ್ಯಾಪ್ ಸಾಕು. ಮೂಲ ಅಳತೆ ಸಿಗುವುದು ತಿಕ್ಕಾಟವಿಲ್ಲದ ಕಡೆ: ರಿಂಗಿನ ಒಳ ಮೆಟ್ಟಿಲ ಹಿಂದೆ ಬೆರಳುಗುರಿನಷ್ಟು ಪಟ್ಟಿ, ಹಳೇ ಟೂಲ್ ಗೆರೆ ಹಾಗೇ ಉಳಿದಿರುತ್ತದೆ. ಅಲ್ಲಿ 139.98 ಬಂದರೆ 140 ಅಂತ ಬರೆದುಕೊಳ್ಳಿ.

ಇಂಪೆಲ್ಲರ್‌ನ ಲೋಹ ನಿಕಲ್ ಅಲ್ಯೂಮಿನಿಯಂ ಕಂಚು. ಕೆಜಿಗೆ ಒಂಬೈನೂರರ ಹತ್ತಿರ ಕೊಟ್ಟ ನೆನಪು. ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಮಾಡಿದವನು ಬೀಡುಕಬ್ಬಿಣದ ಸ್ಕೇಲ್‌ನಲ್ಲಿ, ಲೋಹ ತಣಿದಾಗ ಕುಗ್ಗುವುದಕ್ಕೆ ಶೇ. 1 ಬಿಟ್ಟಿದ್ದ, ಈ ಕಂಚಿಗೆ ಶೇ. 2ರಷ್ಟು ಬೇಕು. 280 ಮಿ.ಮೀ. ಇಂಪೆಲ್ಲರ್ ಸುಮಾರು 3 ಮಿ.ಮೀ. ಚಿಕ್ಕದಾಗಿ, ಲೇತ್ ಮೇಲೆ ಎರಕದ ಕಪ್ಪು ಹೊರಪದರ ಹೋಗಲೇ ಇಲ್ಲ. ಆರರಲ್ಲಿ ನಾಲ್ಕು ಗುಜರಿಗೆ. ಎರಡನೇ ಲಾಟು ಬೆಳಗಾವಿಯ ಫೌಂಡ್ರಿಯಲ್ಲಿ. ಅಳತೆ ಸರಿ, ಆದರೆ ಮೇಲಿಂದ ಸುರಿದದ್ದಕ್ಕೆ ಅಲ್ಯೂಮಿನಿಯಂ ಆಕ್ಸೈಡಿನ ಪೊರೆ ಮಡಚಿ ಒಳಗೇ ಕೂತಿತ್ತು. ಫಿನಿಶ್ ಕಟ್ ಆದ ಮೇಲೆ ಬಿರುಕು ತೋರಿಸುವ ಕೆಂಪು ಡೈ ಹಚ್ಚಿದಾಗ ಕೂದಲೆಳೆಯ ಹಾಗೆ ಕೆಂಪು ಗೆರೆ ಎದ್ದವು. ಈಗ ಕೆಳಗಿಂದ, ಅಲುಗಾಡದಂತೆ ತುಂಬುತ್ತೇವೆ. ಗೇಟ್ (ಲೋಹ ಅಚ್ಚಿನೊಳಗೆ ಹೋಗುವ ಬಾಯಿ) ಎಲ್ಲಿ, ಎಷ್ಟು ಬಿಸಿಯಲ್ಲಿ ಅನ್ನುವುದು ನಮ್ಮಲ್ಲೇ ಇರಲಿ.

ರಿಂಗನ್ನೂ ಅದೇ ಕಂಚಿನಲ್ಲಿ ಮಾಡಬೇಡಿ, ಕಚ್ಚಿಕೊಳ್ಳುತ್ತದೆ. ಮೆತ್ತಗಿನ ಗನ್‌ಮೆಟಲ್ (ತವರ ಬೆರೆತ ಕಂಚು) ಹಾಕಿ. ಹಿತ್ತಾಳೆ ಅಗ್ಗವೆಂದು ಯಾರೋ ಹಾಕಿದ್ದ ರಿಂಗ್ ನೋಡಿದ್ದೇವೆ: ಸತು ಕರಗಿ ಹೋಗಿ ತಾಮ್ರದ ಗುಲಾಬಿ ಬಣ್ಣ, ಉಗುರಲ್ಲಿ ಕೆರೆದರೆ ಪುಡಿ.

ನಡುವೆ ಮರದ ಪ್ಯಾಟರ್ನ್ ಬಿಟ್ಟು 3ಡಿ ಪ್ರಿಂಟ್ ಮಾಡಿ ನೋಡಿದೆವು. ಪುಟ್ಟಿ ಹಚ್ಚಿ ಉಜ್ಜಿದರೆ ಮರಳಿನಿಂದ ಸಲೀಸಾಗಿ ಬಿಡುತ್ತದೆ, ಖರ್ಚು ಅರ್ಧ. ಹತ್ತು ಅಚ್ಚಿನ ನಂತರ ಅಂಚು ಸವೆಯುತ್ತದೆ. ಈ ಬಿಡಿಭಾಗಕ್ಕೆ ಹತ್ತೇ ಜಾಸ್ತಿ.

ಕೊನೆಗೆ ಕೆಲಸದ ಒತ್ತಡದ ಒಂದೂವರೆ ಪಟ್ಟಿನಲ್ಲಿ ಕೇಸಿಂಗ್ ಜೊತೆ ನೀರಿನ ಟೆಸ್ಟ್, ಒಂದು ಹನಿಯೂ ಸೋರಲಿಲ್ಲ. ಬಿಲ್ಲಿನ ಹಣ ಬರಲು ನಾಲ್ಕು ತಿಂಗಳಾಯಿತು, ಅಷ್ಟರಲ್ಲಿ ತಾಮ್ರದ ಬೆಲೆ ಏರಿ ಲಾಭ ತಿಂದಿತ್ತು. ಈಗ ಆರ್ಡರ್ ಕೈಗೆ ಬಂದ ದಿನವೇ ಲೋಹದ ಗಟ್ಟಿ ಕೊಂಡು ಇಡುತ್ತೇವೆ.