ಇಂಗ್ಲೆಂಡಿನಲ್ಲಿ ಪೊರೆ ಆಪರೇಷನ್: ಎನ್‌ಎಚ್‌ಎಸ್ಸೋ, ಪ್ರೈವೇಟೋ?

ದಾವಣಗೆರೆ ಕಡೆಯಿಂದ ಇಂಗ್ಲೆಂಡಿಗೆ ಬಂದು ನೆಲೆನಿಂತ ಹಿರಿಯರಿಗೆ ಈಗ ಕಣ್ಣಿಗೆ ಪೊರೆ ಬರುವ ವಯಸ್ಸು. ಅಲ್ಲಿನ ಜೆಜೆಎಂ ಮೆಡಿಕಲ್ ಕಾಲೇಜಿನಲ್ಲಿ ಓದಿ ಬಂದ ಡಾಕ್ಟರುಗಳ ಮನೆಯಲ್ಲೂ, ಐಟಿ ಕೆಲಸಕ್ಕೆ ಬಂದು ಅಪ್ಪ-ಅಮ್ಮನನ್ನು ಆರು ತಿಂಗಳಿಗೆ ಕರೆಸಿಕೊಂಡ ಮಕ್ಕಳ ಮನೆಯಲ್ಲೂ ಕೇಳುವ ಪ್ರಶ್ನೆ ಒಂದೇ: "ಸರ್ಕಾರಿಯಲ್ಲಿ ಮಾಡ್ಸೋದಾ, ಪ್ರೈವೇಟಾ?" ಹೀಗೆ ಕೇಳುವಾಗ ತಲೆಯಲ್ಲಿ ಓಡುತ್ತಿರುವುದು ಊರಿನ ಲೆಕ್ಕ. ಕೈಯಲ್ಲಿ ನಾಲ್ಕು ಕಾಸಿದ್ದರೆ ಸರ್ಕಾರಿ ಚಿಗಟೇರಿ ಆಸ್ಪತ್ರೆಯ ಸಾಲಿನಲ್ಲಿ ಯಾಕೆ ನಿಲ್ಲಬೇಕು ಎಂಬ ಲೆಕ್ಕ. ಇಲ್ಲಿ ಅದು ತಾಳೆಯಾಗುವುದಿಲ್ಲ. ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿ ಪೊರೆ ತೆಗೆಯುವ ಸರ್ಜನ್ನೇ ಬಹಳ ಸಲ ಪ್ರೈವೇಟ್ ಆಸ್ಪತ್ರೆಯಲ್ಲೂ ತೆಗೆಯುತ್ತಾರೆ. ಆಪರೇಷನ್ ವಿಧಾನವೂ ಅದೇ. ದುಡ್ಡು ಕೊಟ್ಟರೆ ಬದಲಾಗುವುದು ಮುಖ್ಯವಾಗಿ ಎರಡು: ಕಾಯುವ ಸಮಯ ಮತ್ತು ಲೆನ್ಸಿನ ಆಯ್ಕೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ವೀಸಾ. ಇಲ್ಲಿ ಕಾಯಂ ನೆಲೆಸಿದವರಿಗೆ, ಹಾಗೆಯೇ ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದವರಿಗೆ (2024ರ ಫೆಬ್ರವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್) ಎನ್‌ಎಚ್‌ಎಸ್‌ನಲ್ಲಿ ಪೊರೆ ಆಪರೇಷನ್ ಉಚಿತ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೆ ಅದು ಸಿಗುವುದಿಲ್ಲ. ಜಿಪಿ, ಅಂದರೆ ಬಡಾವಣೆಯ ಡಾಕ್ಟರ ಹತ್ತಿರ ತೋರಿಸಲು ದುಡ್ಡಿಲ್ಲ, ನಿಜ. ಆದರೆ ಆಸ್ಪತ್ರೆಯ ಚಿಕಿತ್ಸೆಗೆ ಎನ್‌ಎಚ್‌ಎಸ್ ವೆಚ್ಚದ ಒಂದೂವರೆ ಪಟ್ಟು ಬಿಲ್ ಬರುತ್ತದೆ. ಪೊರೆ ತುರ್ತಿನದಲ್ಲವಾದ್ದರಿಂದ ಅದನ್ನೂ ಮುಂಗಡವಾಗಿ ಕಟ್ಟಬೇಕು. ಮೊದಲೇ ಇದ್ದ ಪೊರೆಗೆ ಟ್ರಾವೆಲ್ ಇನ್ಶೂರೆನ್ಸ್ ಸಾಮಾನ್ಯವಾಗಿ ಕೈಕೊಡುತ್ತದೆ. ಅವರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಎನ್‌ಎಚ್‌ಎಸ್ ಹಕ್ಕಿರುವವರು ಮೊದಲು ಹೋಗಬೇಕಾದದ್ದು ಪೇಟೆಬೀದಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಆಪ್ಟೊಮೆಟ್ರಿಸ್ಟ್ ಹತ್ತಿರ. ಅರವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಕಣ್ಣಿನ ಪರೀಕ್ಷೆ ಉಚಿತ. ಅಲ್ಲಿಂದಲೇ ಆಸ್ಪತ್ರೆಗೆ ರೆಫರಲ್ (ಶಿಫಾರಸು) ಹೋಗುತ್ತದೆ. ನಮ್ಮ ಹಿರಿಯರು ಎಡವುವುದು ಈ ಕುರ್ಚಿಯಲ್ಲೇ. "ದಿನದ ಕೆಲಸಕ್ಕೆ ತೊಂದರೆ ಆಗ್ತಿದೆಯಾ?" ಎಂದು ಕೇಳಿದರೆ ಸಂಕೋಚಕ್ಕೆ "ಪರವಾಗಿಲ್ಲ, ನಡೀತದೆ" ಅಂದುಬಿಡುತ್ತಾರೆ. ಹಾಗನ್ನಬೇಡಿ. ರಾತ್ರಿ ಎದುರು ಕಾರಿನ ಬೆಳಕು ಕಣ್ಣಿಗೆ ಚದುರುತ್ತದೆ, ಬಸ್ಸಿನ ಮೆಟ್ಟಿಲು ಗೊತ್ತಾಗುವುದಿಲ್ಲ, ಮಾತ್ರೆ ಪಟ್ಟಿಯ ಮೇಲಿನ ಅಕ್ಷರ ಕಾಣುವುದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಗೋಡೆ ಮೇಲಿನ ಅಕ್ಷರಪಟ್ಟಿಯಲ್ಲಿ ಎಷ್ಟು ಸಾಲು ಓದುತ್ತೀರಿ ಎಂಬುದೊಂದನ್ನೇ ಹಿಡಿದು ಆಪರೇಷನ್ ನಿರಾಕರಿಸಬಾರದು ಎಂದು 2017ರಲ್ಲೇ ಎನ್‌ಎಚ್‌ಎಸ್‌ಗೆ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ ಹೇಳಿದೆ. ಎರಡನೇ ಕಣ್ಣಿಗೂ ಅದೇ ಮಾತು.

ಇನ್ನೊಂದು ಕಡೆ ಊರಿಂದ ಫೋನಿನಲ್ಲಿ ಸಲಹೆ ಬರುತ್ತಿರುತ್ತದೆ: "ಪೊರೆ ಇನ್ನೂ ಹಣ್ಣಾಗ್ಬೇಕು, ತಡೀರಿ." ಅದು ಡಾ. ಎಂ.ಸಿ. ಮೋದಿಯವರ ಉಚಿತ ಕಣ್ಣಿನ ಕ್ಯಾಂಪುಗಳ ಕಾಲದ ಮಾತು. ಆಗ ಲೆನ್ಸ್ ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು, ಹಾಗಾಗಿ ಕಾಯುವುದಕ್ಕೆ ಅರ್ಥವಿತ್ತು. ಈಗ ಪೊರೆಯನ್ನು ಕಣ್ಣೊಳಗೇ ಒಡೆದು ತೆಗೆದು ಆ ಜಾಗಕ್ಕೆ ಹೊಸ ಲೆನ್ಸ್ ಕೂರಿಸುತ್ತಾರೆ. ಪೊರೆ ಬಲಿತಷ್ಟೂ ಒಡೆಯುವುದು ಕಷ್ಟ. (ಕಣ್ಣೊಳಗೆ ಲೆನ್ಸ್ ಕೂರಿಸುವ ಕೆಲಸ ಶುರುವಾದದ್ದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲೇ, 1949ರಲ್ಲಿ, ಹೆರಾಲ್ಡ್ ರಿಡ್ಲಿ ಅವರ ಕೈಯಲ್ಲಿ.)

ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ದಾರಿಯೊಂದಿದೆ. ಇಂಗ್ಲೆಂಡಿನಲ್ಲಿ ರೆಫರಲ್ ಆಗುವಾಗ ಯಾವ ಆಸ್ಪತ್ರೆ ಎಂದು ಆರಿಸುವ ಹಕ್ಕು ನಿಮಗಿದೆ. ಎನ್‌ಎಚ್‌ಎಸ್ ಜೊತೆ ಒಪ್ಪಂದವಿರುವ ಖಾಸಗಿ ಕಣ್ಣಿನ ಕ್ಲಿನಿಕ್ಕುಗಳೂ ಆ ಪಟ್ಟಿಯಲ್ಲಿರುತ್ತವೆ. ಕಟ್ಟಡ ಪ್ರೈವೇಟ್, ದುಡ್ಡು ಎನ್‌ಎಚ್‌ಎಸ್‌ದು, ನಿಮಗೆ ಒಂದು ಪೈಸೆ ಖರ್ಚಿಲ್ಲ. ಇಂದು ಇಂಗ್ಲೆಂಡಿನ ಎನ್‌ಎಚ್‌ಎಸ್ ಪೊರೆ ಆಪರೇಷನ್ನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ಕಡೆಯೇ ಆಗುತ್ತವೆ. ರೆಫರಲ್‌ನಿಂದ ಚಿಕಿತ್ಸೆಗೆ 18 ವಾರ ಎಂಬುದು ಎನ್‌ಎಚ್‌ಎಸ್ ನಿಯಮ. ದೊಡ್ಡ ಆಸ್ಪತ್ರೆಗಳಲ್ಲಿ ಅದು ಮೀರುವುದುಂಟು, ಈ ಕ್ಲಿನಿಕ್ಕುಗಳಲ್ಲಿ ಸಾಮಾನ್ಯವಾಗಿ ಬೇಗ ಆಗುತ್ತದೆ. ಕಾಯಲಾರೆ ಎಂಬ ಒಂದೇ ಕಾರಣಕ್ಕೆ ಪ್ರೈವೇಟಿಗೆ ಹೊರಟವರು ಮೊದಲು ಇದನ್ನು ಕೇಳಿ ನೋಡಲೇಬೇಕು. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ನಿಯಮ ಬೇರೆ.

ಆದರೆ ಸಕ್ಕರೆ ಕಾಯಿಲೆಯಿಂದ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಹಾಳಾಗಿದ್ದರೆ, ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ಕಾಯಿಲೆ) ಇದ್ದರೆ, ಕಣ್ಣಿಗೆ ಹಿಂದೆ ಪೆಟ್ಟು ಬಿದ್ದಿದ್ದರೆ ನಾನು ಹೇಳುವುದು ದೊಡ್ಡ ಎನ್‌ಎಚ್‌ಎಸ್ ಆಸ್ಪತ್ರೆಯ ಕಣ್ಣಿನ ವಿಭಾಗವನ್ನೇ, ಕಾಯಬೇಕಾದರೂ ಸರಿ. ಆಪರೇಷನ್ ನಡುವೆ ಏನಾದರೂ ಹೆಚ್ಚುಕಮ್ಮಿಯಾದರೆ ರೆಟಿನಾ ಸರ್ಜನ್ ಅದೇ ಸೂರಿನಡಿ ಇರುವುದು ಸಣ್ಣ ವಿಷಯವಲ್ಲ. ಯಾವ ಕ್ಲಿನಿಕ್ಕಿಗೆ ಹೋದರೂ "ತೊಂದರೆಯಾದರೆ ನೋಡಿಕೊಳ್ಳುವವರು ಯಾರು?" ಎಂದು ಕೇಳಿ.

ಇನ್ನು ಲೆನ್ಸ್. ಎನ್‌ಎಚ್‌ಎಸ್‌ನಲ್ಲಿ ಹಾಕುವುದು ಮೊನೊಫೋಕಲ್, ಅಂದರೆ ಒಂದು ದೂರಕ್ಕೆ ಮಾತ್ರ ಸ್ಪಷ್ಟ. ಹೆಚ್ಚಾಗಿ ದೂರದ ನೋಟಕ್ಕೆ ಹೊಂದಿಸುತ್ತಾರೆ, ಓದಲು ಕನ್ನಡಕ ಬೇಕಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಚಿಕ್ಕಂದಿನಿಂದ ದೂರದ್ದು ಕಾಣದ, ಕನ್ನಡಕ ತೆಗೆದಿಟ್ಟು ಪುಸ್ತಕವನ್ನು ಮುಖದ ಹತ್ತಿರ ಹಿಡಿದು ವಚನ ಓದುವ ಅಮ್ಮನಿಗೆ ದೂರದ ಲೆನ್ಸ್ ಹಾಕಿದರೆ ಆ ಅಭ್ಯಾಸವೇ ತಪ್ಪಿಹೋಗುತ್ತದೆ. ಅಂಥವರಿಗೆ ಹತ್ತಿರದ ನೋಟವನ್ನೇ ಉಳಿಸಿಕೊಳ್ಳಲು ಎನ್‌ಎಚ್‌ಎಸ್‌ನಲ್ಲೂ ಕೇಳಬಹುದು. ಕಣ್ಣಿನ ಅಳತೆ ತೆಗೆಯುವ ದಿನವೇ ಹೇಳಬೇಕು, ಲೆನ್ಸ್ ಕೂತ ಮೇಲೆ ಹೇಳಿ ಪ್ರಯೋಜನವಿಲ್ಲ.

ದೂರ-ಹತ್ತಿರ ಎರಡಕ್ಕೂ ಆಗುವ ಮಲ್ಟಿಫೋಕಲ್ ಲೆನ್ಸ್ ಬೇಕಾದರೆ ಪ್ರೈವೇಟೇ ಗತಿ. "ಆಪರೇಷನ್ ಎನ್‌ಎಚ್‌ಎಸ್‌ದು, ಲೆನ್ಸಿಗೆ ಮಾತ್ರ ಮೇಲುದುಡ್ಡು ಕೊಡ್ತೀನಿ" ಅಂದರೆ ಒಪ್ಪುವುದಿಲ್ಲ. ಪ್ರೈವೇಟಿನಲ್ಲಿ ಸಾಮಾನ್ಯ ಲೆನ್ಸಿಗೇ ಒಂದು ಕಣ್ಣಿಗೆ ಸುಮಾರು 2,500 ಪೌಂಡ್, ಅದರಾಚೆ ಲೆನ್ಸಿಗೆ ತಕ್ಕಂತೆ ಏರುತ್ತದೆ. ಮಲ್ಟಿಫೋಕಲ್ ಹಾಕಿಸಿಕೊಂಡ ಕೆಲವರಿಗೆ ರಾತ್ರಿ ದೀಪದ ಸುತ್ತ ಬೆಳಕಿನ ಬಳೆ ಕಾಣುತ್ತದೆ. ರಾತ್ರಿ ಕಾರು ಓಡಿಸುವವರು, ರೆಟಿನಾ ದೋಷವಿರುವವರು ಅದಕ್ಕೆ ಆಸೆ ಪಡಬಾರದು. ನನ್ನ ಅಭಿಪ್ರಾಯ ನೇರವಾಗಿದೆ: ಎನ್‌ಎಚ್‌ಎಸ್ ಹಕ್ಕಿದ್ದು, ಓದುವಾಗ ಕನ್ನಡಕ ಹಾಕಿಕೊಳ್ಳಲು ಬೇಸರವಿಲ್ಲದಿದ್ದರೆ ಎರಡು ಕಣ್ಣಿಗೆ ಐದು ಸಾವಿರ ಪೌಂಡ್ ಸುರಿಯುವ ಅಗತ್ಯವಿಲ್ಲ. ಕೊಡುವುದೇ ಆದರೆ ಆಮೇಲಿನ ತಪಾಸಣೆ, ಡ್ರಾಪ್ಸ್, ಲೆನ್ಸಿನ ಹಿಂದಿನ ಪದರ ಮಸುಕಾದರೆ ಮುಂದೆ ಬೇಕಾಗಬಹುದಾದ ಯಾಗ್ ಲೇಸರ್ ಆ ದುಡ್ಡಿನಲ್ಲಿ ಸೇರಿವೆಯೇ ಎಂದು ಬರಹದಲ್ಲಿ ಪಡೆಯಿರಿ.

ಎಲ್ಲಿ ಮಾಡಿಸಿದರೂ ಊರಿಂದ ತಂದ ಮಾತ್ರೆಗಳ ಡಬ್ಬಿ ತೆಗೆದುಕೊಂಡು ಹೋಗಿ. ಮೂತ್ರದ ತೊಂದರೆಗೆ ಅಪ್ಪ ನುಂಗುವ ಟ್ಯಾಮ್ಸುಲೋಸಿನ್, ಊರಿನಲ್ಲಿ ಯೂರಿಮ್ಯಾಕ್ಸ್ ಎಂದು ಸಿಗುವುದು, ಆಪರೇಷನ್ ವೇಳೆ ಕಣ್ಣಿನ ಪಾಪೆ ಸರಿಯಾಗಿ ಅರಳದಂತೆ ಮಾಡುತ್ತದೆ. ಸರ್ಜನ್ನಿಗೆ ಮೊದಲೇ ಗೊತ್ತಿದ್ದರೆ ತಯಾರಿರುತ್ತಾರೆ. ಹಿಂದೆ ತೆಗೆದುಕೊಂಡು ನಿಲ್ಲಿಸಿದ್ದರೂ ಹೇಳಿ.

ಭಾಷೆಯದೂ ಮುಖ್ಯ. ಎನ್‌ಎಚ್‌ಎಸ್‌ನಲ್ಲಿ ದುಭಾಷಿಗೆ ದುಡ್ಡಿಲ್ಲ. ಕನ್ನಡ ಎಂದು ಒತ್ತಿ ಹೇಳಿ, ಇಲ್ಲವಾದರೆ ಹಿಂದಿಯವರು ಬಂದಾರು. ಆಪರೇಷನ್ ವೇಳೆ ಎಚ್ಚರವಿರುತ್ತದೆ, ಮುಖದ ಮೇಲೆ ಬಟ್ಟೆ ಹೊದಿಸಿರುತ್ತಾರೆ, ಅಲುಗಾಡುವಂತಿಲ್ಲ. "ಲುಕ್ ಅಟ್ ದ ಲೈಟ್", "ಡೋಂಟ್ ಮೂವ್" ಎಂಬೆರಡು ಮಾತನ್ನು ಅಮ್ಮನಿಗೆ ಮನೆಯಲ್ಲೇ ಕಲಿಸಿ. ಕೆಮ್ಮು ಬಂದರೆ ನರ್ಸ್‌ನ ಕೈಯನ್ನು ಒತ್ತಿ ತಿಳಿಸಲು ಹೇಳಿಕೊಡಿ. ಅದೇ ದಿನ ಮನೆಗೆ ಕಳಿಸುತ್ತಾರೆ. ಡ್ರಾಪ್ಸ್ ಸುಮಾರು ನಾಲ್ಕು ವಾರ. ತಲೆಸ್ನಾನದ ನೀರು, ಹಣೆಯಿಂದ ಉದುರುವ ವಿಭೂತಿ, ಮೆಣಸಿನಕಾಯಿ ಒಗ್ಗರಣೆಯ ಘಾಟು, ದೇವರ ಮುಂದೆ ಅಡ್ಡಬೀಳುವುದು, ಇವನ್ನೆಲ್ಲ ಡಾಕ್ಟರು ಸರಿ ಅನ್ನುವ ತನಕ ದೂರವಿಡಿ. ಕಣ್ಣು ನೋಯತೊಡಗಿದರೆ, ಕೆಂಪೇರಿದರೆ, ನೋಟ ಮಸುಕಾದರೆ ಆ ದಿನವೇ ಫೋನ್ ಮಾಡಿ, ಬೆಳಗಾಗಲಿ ಎಂದು ಕೂರಬೇಡಿ.

ವಿಸಿಟರ್ ವೀಸಾದ ಅಪ್ಪ-ಅಮ್ಮನಿಗೆ ದಾವಣಗೆರೆಯೇ ಸರಿ. ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಬಾಪೂಜಿ, ಎಸ್.ಎಸ್. ಆಸ್ಪತ್ರೆಗಳಿವೆ. ಫೇಕೋ (ಪೊರೆಯನ್ನು ಅಲ್ಟ್ರಾಸೌಂಡಿನಿಂದ ಒಡೆದು ತೆಗೆಯುವುದು) ಬದಲು ಎಸ್‌ಐಸಿಎಸ್ (ಸಣ್ಣ ಗಾಯ ಮಾಡಿ ಕೈಯಿಂದ ತೆಗೆಯುವುದು) ಮಾಡುತ್ತೇವೆ ಅಂದರೆ ಗಾಬರಿ ಬೇಡ, ಬಲಿತ ಪೊರೆಗೆ ಅದು ಒಳ್ಳೆಯ ವಿಧಾನವೇ. ಟಿಕೆಟ್ ಬುಕ್ ಮಾಡುವ ಮುಂಚೆ ಆಪರೇಷನ್ ಮುಗಿದು, ಡ್ರಾಪ್ಸ್ ನಿಂತು, ಕೊನೆಯ ತಪಾಸಣೆ ಆಗಿರಲಿ. ಡಿಸ್ಚಾರ್ಜ್ ಪತ್ರದ ಮೇಲೆ ಲೆನ್ಸಿನ ಹೆಸರು, ಪವರ್ ಇರುವ ಸ್ಟಿಕ್ಕರ್ ಅಂಟಿಸಿರುತ್ತಾರೆ. ಅದರ ಫೋಟೋ ವಾಟ್ಸಾಪಿನಲ್ಲಿ ತರಿಸಿ ಇಟ್ಟುಕೊಳ್ಳಿ. ಇಲ್ಲಿಗೆ ಬಂದಾಗ ಕಣ್ಣಿಗೆ ಏನಾದರೂ ಆದರೆ ಡಾಕ್ಟರು ಕೇಳುವುದು ಅದನ್ನೇ.