ಕೊಪ್ಪಳದ ಬಿಸಿಲಿಂದ ತಪ್ಪಿಸ್ಕೊಂಡು ಕಾರವಾರದ ಬೆವರಿಗೆ ಬಿದ್ವಿ

ಯುಗಾದಿ ಮುಗಿದು ಒಂದು ವಾರಕ್ಕ ನಮ್ ಕೊಪ್ಪಳದಾಗ 11ರ ಮ್ಯಾಲ ಮನಿ ಬಿಟ್ಟು ಹೊರಗ ಬರಂಗಿಲ್ಲ, 40 ಮುಟ್ಟಿರ್ತೈತಿ. ಮೊಬೈಲ್‌ನ್ಯಾಗ ಕಾರವಾರ ನೋಡಿದ್ರ 33 ತೋರಿಸ್ತು, ನಡೀರಿ ಅಂತ ಮಕ್ಳನ್ನ ಕರ್ಕೊಂಡು ಮೂರು ದಿನಕ್ಕ ಹೊರಟ್ವಿ, ಜೋಡಿ ನಮ್ ಭಾವನೋರು, ಅವ್ರ ಜೋಡಿ ಡಿಕ್ಕಿಯೊಳಗ ಒಂದು ಸಣ್ಣ ಕೂಲರ್ರು.

ನಸುಕಿನ್ಯಾಗ 4ಕ್ಕ ಬಿಟ್ವಿ. ಗದಗ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಸುಮಾರು 250 ಕಿಲೋಮೀಟರ್‌ಗೆ ಅಂಕೋಲಾ. ಯಲ್ಲಾಪುರದ ಮಟ ತಂಪಿತ್ತು, ಅರಬೈಲ್ ಘಟ್ಟ ಇಳಿಯೋದ್ರಾಗ ಅಂಗಿ ಬೆನ್ನಿಗೆ ಹತ್ಕೊಂಡ್ತು.

ಮೊದಲ್ನೇ ದಿನ ನಾವು ಮಾಡಿದ್ದೆಲ್ಲಾ ತಪ್ಪು. ಮಟಮಟ ಮಧ್ಯಾಹ್ನ ಟ್ಯಾಗೋರ್ ಬೀಚಿಗೆ ಹೋದ್ವಿ (ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಡ್ಜ್ ಇದ್ದಾಗ ರವೀಂದ್ರರು ಬಂದು ಇದ್ರಂತ, ಅದಕ್ಕ ಆ ಹೆಸ್ರು), ಉಸುಕಿನ್ಯಾಗ ಕಾಲಿಡಾಕ ಆಗ್ಲಿಲ್ಲ, ಅಲ್ಲೇ ದಂಡಿ ಮ್ಯಾಲ ನೋಡಾಕ ಇಟ್ಟಿರೋ ಚಾಪಲ್ ಯುದ್ಧನೌಕೆ ಕಬ್ಬಿಣದ್ದು, ಕೈ ಹಚ್ಚಿದ್ರ ಸುಡ್ತಿತ್ತು. ಸಂಜಿಗೆ ದೊಡ್ಡ ಮಗಳಿಗೆ ಮೀನಖಂಡ ಹಿಡ್ಕೊಂಡ್ತು.

ರಾತ್ರಿ ಭಾವನೋರು ಲಾಡ್ಜ್ ರೂಮಿನ ಕಿಟಕಿ ಎಲ್ಲಾ ಮುಚ್ಚಿ ಕೂಲರ್ ಹಚ್ಚಿದ್ರು. ಅರ್ಧ ತಾಸಿನ್ಯಾಗ ಹಾಸಿಗಿ ಹಸಿ, ಗೋಡಿ ಹಸಿ, ಇಡ್ಲಿ ಬೇಯಿಸೋ ಪಾತ್ರಿಯೊಳಗ ಕುಂತಂಗ ಆತು. ಅವಾಗ ತಿಳೀತು, ನಮ್ ಕಡೆ ಗಾಳಿ ಒಣಾ ಇರ್ತೈತಿ, ಕೂಲರ್ ನೀರು ಕುಡ್ದು ತಂಪಾಕ್ಕೈತಿ, ಇಲ್ಲಿ ಗಾಳಿಗೆ ಮೊದ್ಲೇ ನೀರು ಹೊಟ್ಟಿ ತುಂಬೈತಿ, ಇನ್ನೇನು ಕುಡೀತೈತಿ. ಬೆವರಿನ ಕತೀನೂ ಅದೇ, ನಮ್ಮಲ್ಲಿ ಬಂದಿದ್ದು ಗೊತ್ತಾಗೋದ್ರಾಗ ಆರಿಹೋಗಿರ್ತೈತಿ, ಇಲ್ಲಿ ಮೈಮ್ಯಾಲೇ ಹರೀತಿರ್ತೈತಿ. ಆ 33ನ್ನ ನಂಬಬಾರ್ದಾಗಿತ್ತು.

ಮರುದಿನ ಟೈಮ್ ಬದ್ಲು ಮಾಡಿದ್ವಿ. 6ಕ್ಕ ಸಮುದ್ರ, 8:30ಕ್ಕ ವಾಪಸ್. ರೂಮು ಬದಲಿಸಿ ಪಡುವಣ ಕಿಟಕಿದು ಕೇಳಿದ್ವಿ, ಯಾಕಂದ್ರ ಹೊತ್ತೇರಿ ನೆಲ ಕಾದಂಗೆಲ್ಲಾ ಸಮುದ್ರದ ಕಡಿಯಿಂದ ಗಾಳಿ ಬೀಸಾಕ ಶುರುವಾಕ್ಕೈತಿ, ಕಿಟಕಿ ತಗದು ಫ್ಯಾನ್ ಹಾಕಿದ್ರ ಮಧ್ಯಾಹ್ನ ನಿದ್ದಿ ಬರ್ತೈತಿ. ಮತ್ತ ಹೊರಗ ಬೀಳೋದು 4:30ಕ್ಕ. ನೀರಷ್ಟ ಕುಡಿದ್ರ ಸಾಲಂಗಿಲ್ಲ, ಉಪ್ಪು ಹಾಕಿದ ಮಜ್ಜಿಗಿ, ಎಳನೀರು, ಮುರುಗಲ (ಕೋಕಂ) ಪಾನಕ ಹಿಂಗ ನಡೀತು, ಮಗಳ ಕಾಲು ಮತ್ತ ಹಿಡೀಲಿಲ್ಲ. ಊಟಕ್ಕ ಬಂಗಡೆ ಸಾರು, ಕುಚಲಕ್ಕಿ ಅನ್ನ. ಭಾವನೋರು ಮಾತ್ರ ಮೂರು ದಿನಾನೂ ಮನಿಯಿಂದ ತಂದ ಖಡಕ್ ರೊಟ್ಟಿ ಶೇಂಗಾ ಚಟ್ನೀನೇ, ಆದ್ರ ರೊಟ್ಟಿ ಎರಡ್ನೇ ದಿನಕ್ಕ ಖಡಕ್ ಉಳೀದೇ ಮೆತ್ತಗಾಗಿ ಮುದುರಿತ್ತು.

ಮೂರ್ನೇ ದಿನ ಗೋಕರ್ಣದ ಹತ್ರ ಸಾಣಿಕಟ್ಟಾ ಉಪ್ಪಿನ ಆಗರ ನೋಡಿದ್ವಿ. ಮಳಿಗಾಲದಾಗ ಈ ಕೆಲ್ಸ ಇಲ್ಲ, ಈ ಬಿಸಿಲೇ ಬೇಕು. ಅಂಕೋಲಾದ ಉಪ್ಪಿನ ಸತ್ಯಾಗ್ರಹ ಆಗಿದ್ದೂ 1930ರ ಏಪ್ರಿಲ್ 13ಕ್ಕ, ಇದೇ ಬ್ಯಾಸಿಗ್ಯಾಗ, ಗಾಡ್ಯಾಗ ಎಸಿ ಹಚ್ಕೊಂಡು ಕುಂತ ನಮಗ ನಾಚಿಕಿ ಆತು. ಅಂಕೋಲಾದಾಗ ಕರಿ ಇಶಾಡು ಮಾವು ಸಿಗತೈತೇನಂತ ಕೇಳಿದ್ರ, ಕೊಳ್ಳ ತುಂಬ ಮಣಿಸರ ಹಾಕ್ಕೊಂಡಿದ್ದ ಹಾಲಕ್ಕಿ ಒಕ್ಕಲಿಗರ ಅಜ್ಜಿ ನಕ್ಕಳು, "ಈಗೆಲ್ಲಿ, ಮೇ ತಿಂಗ್ಳಲ್ಲಿ ಬನ್ನಿ."

ಬರೋವಾಗ ಎರಡು ದಿನದಿಂದ ಆರದೇ ನಾರ್ತಿದ್ದ ಟವೆಲ್‌ಗಳನ್ನ ಹಿಂದಿನ ಸೀಟಿನ ಮ್ಯಾಲ ಹರವಿದ್ದೆ. ಹುಬ್ಬಳ್ಳಿ ದಾಟಿ ಕಿಟಕಿ ಇಳಿಸಿದ್ವಿ, ಗದಗ ಬರೋದ್ರಾಗ ಹಪ್ಪಳದಂಗ ಒಣಗಿದ್ವು.